ಮಂಡಿಯ ಬಾಣಂತನ

ಕಳೆದ ಮಾಘದಲ್ಲಿ ಹಾಲ್ಕುರಿಕೆಯ ತೋಟದಲ್ಲಿ ದಾನೇಶ್ವರಿಯನ್ನು ಮಣ್ಣು ಮಾಡಿದ ದಿನ, ರಸ್ತೆಯಿಂದ ಗುಣಿಯವರೆಗೆ ಗಾಡಿ ಹೋಗುವ ದಾರಿ ಇರಲಿಲ್ಲ. ತೆಂಗಿನ ಸಾಲುಗಳ ನಡುವೆ ಬದುವಿನ ಮೇಲೆ ಅರ್ಧ ಮೈಲಿ ನಡೆಯಬೇಕು, ನಡುವೆ ಒಂದು ಕಾಲುವೆ ದಾಟಬೇಕು. ಹಾಗೆ ನಡೆದು ಬಂದವರಲ್ಲಿ ವಯಸ್ಸಾದ ಹೆಂಗಸರೇ ಬಹಳ. ನೆಂಟರಿಷ್ಟರಿಗೆ ಅವರ ಗುರುತಿಲ್ಲ. ಶೆಟ್ಟಿಕೆರೆ ಕಡೆಯವರು, ಹುಳಿಯಾರು ಕಡೆಯವರು, ತುರುವೇಕೆರೆಯಿಂದ ಎರಡು ಬಸ್ಸು ಬದಲಿಸಿ ಬಂದವರು. ಕಾಲುವೆಯ ಹತ್ತಿರ ಬಂದಾಗ ಸೀರೆಯ ನೆರಿಗೆ ಎತ್ತಿ ಹಿಡಿದು, ಯಾರ ಕೈಯನ್ನೂ ಹಿಡಿಯದೆ ದಾಟಿದರು. ನೆರಿಗೆ ಎತ್ತಿದಾಗ ಮಂಡಿಯ ಮೇಲೆ ನೆಟ್ಟಗೆ ಇಳಿದ ಹೊಲಿಗೆಯ ಗೆರೆ ಕಾಣುತ್ತಿತ್ತು. ದಾನೇಶ್ವರಿಯ ತಂದೆ ಮರುಳಸಿದ್ದಯ್ಯನವರು ಮೊದಲು ಬಂದ ನಾಲ್ಕೈದು ಜನರನ್ನು "ಯಾವೂರವ್ವ?" ಎಂದು ಕೇಳಿದರು. ಆಮೇಲೆ ಕೇಳಲಿಲ್ಲ.

ಮೂವತ್ತನಾಲ್ಕು ವಯಸ್ಸು. ಎಂಟು ತಿಂಗಳ ಕಾಯಿಲೆ. ಅದರ ಬಗ್ಗೆ ಹೇಳಲು ಇಷ್ಟೇ ಇರುವುದು. ಹೇಳಬೇಕಾದ್ದು ಅದಕ್ಕೂ ಆರು ವರ್ಷ ಹಿಂದೆ, ಅವಳಿನ್ನೂ ಶಸ್ತ್ರಚಿಕಿತ್ಸೆ ಕಲಿಯುತ್ತಿದ್ದಾಗ, ಅವಳು ಗೆದ್ದ ಕಥೆ.

ದಾನೇಶ್ವರಿ ಮೂಳೆ ಡಾಕ್ಟರಾಗಲು ಹೊರಟಾಗ ಊರಿನಲ್ಲಿ ನಕ್ಕವರೇ ಹೆಚ್ಚು. ಹೆರಿಗೆ, ಕಣ್ಣು, ಮಕ್ಕಳ ಕಾಯಿಲೆ ಇವೆಲ್ಲ ಇರುವಾಗ ಹೆಣ್ಣುಮಗಳಿಗೆ ಸುತ್ತಿಗೆ, ಗರಗಸ ಹಿಡಿಯುವ ಕೆಲಸವೇಕೆ? ಕೊಬ್ಬರಿ ವ್ಯಾಪಾರದ ಶಂಭುಲಿಂಗಯ್ಯನವರು ಬುದ್ಧಿ ಹೇಳಲು ಮನೆಗೇ ಬಂದರು.

"ಹೆಣ್ ಕೂಸು ಮೂಳೆ ಕುಯ್ಯೋದು ಅಂದ್ರೇನಯ್ಯ ಮರುಳಸಿದ್ದಯ್ಯ? ಅದುಕ್ಕೆ ರಟ್ಟೇಲಿ ಕಸುವು ಬೇಕು ಕಣಯ್ಯ."

"ನಿನ್ ಮಳಿಗೇಲಿ ದಿನಾ ಸಾವ್ರ ಕಾಯಿ ಚಿಪ್ಪು ಒಡೆಯೋರು ಯಾರಯ್ಯ, ಗಂಡಸ್ರಾ? ಒಣಗಿದ ಚಿಪ್ಪಿಗಿಂತ ಗಟ್ಟಿನಾ ಮೂಳೆ?" ಎಂದರು ಮರುಳಸಿದ್ದಯ್ಯ. ಶಂಭುಲಿಂಗಯ್ಯನವರು ಕಾಫಿ ಕುಡಿದು ಎದ್ದು ಹೋದರು.

ಎರಡು ಗಂಟೆ ಬಸ್ಸಿನ ದೂರದ ಒಂದು ಮೆಡಿಕಲ್ ಕಾಲೇಜಿನಲ್ಲಿ ಅವಳಿಗೆ ಸೀಟು ಸಿಕ್ಕಿತು. ಮೂರು ವರ್ಷದ ಓದು. ಓದಿನ ಜೊತೆಗೆ ಪ್ರತಿಯೊಬ್ಬರೂ ಒಂದು ವಿಷಯ ಹಿಡಿದು ಸಂಶೋಧನೆ ಮಾಡಿ ಪ್ರಬಂಧ ಬರೆಯಲೇಬೇಕು. ಮಂಡಿ ಬದಲಿಸುವ ಆಪರೇಷನ್ ಆದ ಮೇಲೆ ಕೆಲವರ ಮಂಡಿ ಚೆನ್ನಾಗಿ ಮಡಚುತ್ತದೆ, ಕೆಲವರದು ಮರದ ಕೊರಡಿನ ಹಾಗೆ ನಿಲ್ಲುತ್ತದೆ, ಯಾಕೆ? ಇದು ದಾನೇಶ್ವರಿ ಹಿಡಿದ ವಿಷಯ.

ಈ ಪ್ರಶ್ನೆ ಅವಳಿಗೆ ಪುಸ್ತಕದಿಂದ ಬಂದದ್ದಲ್ಲ. ಅವಳ ಗುರುಗಳಾದ ಡಾ. ಪರಮೇಶ್ ಮೊದಲ ಸಲ ಅವಳ ಕೈಗೆ ಗರಗಸ ಕೊಟ್ಟು, ಪಕ್ಕದಲ್ಲೇ ನಿಂತು ಮಂಡಿಯ ಮೂಳೆ ಕುಯ್ಯಿಸಿದ್ದು ಶೆಟ್ಟಿಕೆರೆಯ ಚಿಕ್ಕಗೌರಮ್ಮ ಎಂಬ ಅರವತ್ತಾರು ವರ್ಷದ ಹೆಂಗಸಿನ ಬಲಗಾಲಿನಲ್ಲಿ. ಸವೆದ ಮೂಳೆಯ ತುದಿ ತೆಗೆದು, ಲೋಹದ ಟೊಪ್ಪಿಗೆ ಹೊದಿಸಿ, ನಡುವೆ ಪ್ಲಾಸ್ಟಿಕ್ಕಿನ ಬಿಲ್ಲೆ ಕೂರಿಸಿ, ಹೊಲಿಗೆ ಹಾಕಿ ಮುಗಿಸಿದಾಗ ಪರಮೇಶ್ ಸರ್ "ಚೆನ್ನಾಗಿದೆ" ಎಂದಿದ್ದರು. ಅವರ ಬಾಯಿಂದ ಆ ಮಾತು ವರ್ಷಕ್ಕೊಮ್ಮೆ ಬಂದರೆ ಹೆಚ್ಚು. ವರ್ಷದ ನಂತರ ಚಿಕ್ಕಗೌರಮ್ಮ ತಪಾಸಣೆಗೆ ಬಂದಾಗ ಆ ಮಂಡಿ ಎಪ್ಪತ್ತು ಡಿಗ್ರಿಗಿಂತ ಹೆಚ್ಚು ಮಡಚಲಿಲ್ಲ. ಕುರ್ಚಿಯಲ್ಲಿ ನೆಟ್ಟಗೆ ಕೂತರೆ ಮಂಡಿ ತೊಂಬತ್ತು ಡಿಗ್ರಿ ಮಡಚುತ್ತದೆ. ಎಪ್ಪತ್ತೆಂದರೆ ಕುರ್ಚಿಗೂ ಸಾಲದು. ಅದೇ ತಿಂಗಳು, ಅದೇ ಟೇಬಲ್ಲಿನ ಮೇಲೆ, ಅದೇ ಕಂಪನಿಯ ಕೀಲು ಹಾಕಿಸಿಕೊಂಡ ಕೆಂಕೆರೆಯ ಹೊಂಬಾಳಮ್ಮನಿಗೆ ನೂರಿಪ್ಪತ್ತೆರಡು. ಹೊಂಬಾಳಮ್ಮ ಐದು ವರ್ಷ ದೊಡ್ಡವರು, ಹದಿನೈದು ಕಿಲೋ ಭಾರ ಹೆಚ್ಚು, ಸಕ್ಕರೆ ಕಾಯಿಲೆ ಬೇರೆ. ಅವರಿಗೆ ಅನುಕೂಲವಾದ ವ್ಯತ್ಯಾಸ ಒಂದೇ. ಹೊಂಬಾಳಮ್ಮನ ಮೂಳೆ ಕುಯ್ದದ್ದು ಪರಮೇಶ್ ಸರ್.

ದಾನೇಶ್ವರಿ ಚಿಕ್ಕಗೌರಮ್ಮನ ಎಕ್ಸ್‌ರೇಯನ್ನು ಎಷ್ಟು ಸಲ ಬೆಳಕಿಗೆ ಹಿಡಿದು ನೋಡಿದಳೋ ಲೆಕ್ಕವಿಲ್ಲ. ಎಲ್ಲ ನೆಟ್ಟಗಿತ್ತು. ಆದರೆ ಮಂಡಿಯ ಸುತ್ತ ಇರುವ ಸ್ನಾಯು, ತಂತುಗಳ ಬಿಗಿ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ. ಅದು ಗೊತ್ತಾಗುವುದು ಕುಯ್ಯುವವರ ಬೆರಳಿಗೆ ಮಾತ್ರ. ಅವಳ ಬೆರಳಿಗೆ ಗೊತ್ತಾಗಿರಲಿಲ್ಲವೇ? ತಪ್ಪು ತನ್ನ ಕೈಯದೇ ಆಗಿದ್ದರೆ ಈ ಕೆಲಸ ಬಿಡಬೇಕು ಎಂದು ಅವಳು ತೀರ್ಮಾನ ಮಾಡಿಕೊಂಡಿದ್ದಳು. ಬಾಯಿ ಬಿಟ್ಟು ಯಾರಿಗೂ ಹೇಳಲಿಲ್ಲ. ಪ್ರಬಂಧದ ವಿಷಯ ಮಾತ್ರ ಅದನ್ನೇ ಆರಿಸಿಕೊಂಡಳು.

ಹಿಂದಿನ ಎರಡು ವರ್ಷದಲ್ಲಿ ಆ ಕಾಲೇಜಿನ ಆಸ್ಪತ್ರೆಯಲ್ಲಿ ಮಂಡಿ ಬದಲಿಸಿಕೊಂಡ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯವರು ಅರವತ್ತೆರಡು ಜನ. ಆಪರೇಷನ್ ಫಲಿತಾಂಶ ಅಳೆಯಲು ಎಲ್ಲ ಕಡೆ ಬಳಸುವ ಒಂದು ಪ್ರಶ್ನಾವಳಿ ಇದೆ. ಅದನ್ನು ಕನ್ನಡಕ್ಕೆ ಮಾಡಿಕೊಂಡು ದಾನೇಶ್ವರಿ ಒಬ್ಬೊಬ್ಬರಿಗೂ ಫೋನು ಮಾಡಿದಳು.

"ಮೆಟ್ಟಿಲು ಹತ್ತುವಾಗ ಕಷ್ಟ ಆಗುತ್ತಾ ಅಮ್ಮ?"

"ನಮ್ಮನೇಲಿ ಮೆಟ್ಲೇ ಇಲ್ವಲ್ಲವ್ವ."

"ಕಾರಿನಿಂದ ಇಳಿಯುವಾಗ?"

"ಕಾರೂ ಇಲ್ಲ ಕಣವ್ವ. ಚೆಂದಾಗೈತೆ ಅಂತ ಬರ್ಕೋ. ನೀನ್ ಊಟ ಮಾಡ್ದಾ?"

ಅರವತ್ತೆರಡು ಜನವೂ ಚೆಂದಾಗೈತೆ ಎಂದರು. ಎಲ್ಲರಿಗೂ ನೂರಕ್ಕೆ ತೊಂಬತ್ತೈದರ ಮೇಲೆ ಅಂಕ ಬಂತು. ಎಪ್ಪತ್ತು ಡಿಗ್ರಿಯ ಚಿಕ್ಕಗೌರಮ್ಮನಿಗೆ ತೊಂಬತ್ತೆಂಟು! ಪರಮೇಶ್ ಸರ್ ಹಾಳೆಗಳನ್ನು ತಿರುವಿ ನೋಡಿ ಕನ್ನಡಕ ತೆಗೆದರು.

"ಏನಮ್ಮ ಇದು? ಥೀಸಿಸ್ಸೋ ಮಂಗಳಾರತಿಯೋ?"

"ಯಾರೂ ನಿಜ ಹೇಳ್ತಾ ಇಲ್ಲ ಸರ್."

"ಅವರು ಯಾಕಮ್ಮ ಹೇಳ್ತಾರೆ? ಡಾಕ್ಟ್ರು ತಾನಾಗಿ ಫೋನ್ ಮಾಡಿದಾರೆ, ನಿಮ್ಮ ಕೆಲಸ ಕೆಟ್ಟಿದೆ ಅಂತ ಮುಖಕ್ಕೆ ಹೇಳೋ ಜನಾನಾ ನಿಮ್ಮೂರಿನವರು? ಮೂರು ತಿಂಗಳು ಕೊಡ್ತೀನಿ. ಆಗದಿದ್ರೆ ಸುಮ್ನೆ ಮುರಿದ ತೊಡೆಮೂಳೆಗೆ ಹಾಕೋ ರಾಡಿನ ವಿಷಯ ತಗೋ. ಕಡತ ಎಲ್ಲ ಇಲ್ಲೇ ಇದೆ. ಎಲ್ಲಿಗೂ ಹೋಗಬೇಕಾಗಿಲ್ಲ."

ಮುಂದಿನ ಭಾನುವಾರದಿಂದ ಅವಳು ಸ್ಕೂಟರ್ ಹತ್ತಿದಳು. ಶನಿವಾರ ಸಂಜೆ ಹಾಲ್ಕುರಿಕೆಗೆ ಬಂದು, ಬೆಳಿಗ್ಗೆ ಎದ್ದು, ಚೀಲದಲ್ಲಿ ಕೋನ ಅಳೆಯುವ ಪ್ಲಾಸ್ಟಿಕ್ ಪಟ್ಟಿ ಇಟ್ಟುಕೊಂಡು ಮನೆಮನೆಗೆ ಹೋದಳು. ಬಾಯಿ ಸುಳ್ಳು ಹೇಳಬಹುದು, ಮಂಡಿ ಹೇಳುವುದಿಲ್ಲವಲ್ಲ. ಮನೆಗೆ ಹೋದಲ್ಲಿ ಮೊದಲು ಮಜ್ಜಿಗೆ, ಆಮೇಲೆ ಊಟ, ಹೊರಡುವಾಗ ಅರಿಶಿನ ಕುಂಕುಮದ ಜೊತೆ ಎರಡು ತೆಂಗಿನಕಾಯಿ. ಬೇಡ ಎನ್ನುವಂತಿಲ್ಲ. ಸ್ವಂತ ತೋಟದಲ್ಲಿ ಕಾಯಿ ಬಿದ್ದು ಕೊಳೆಯುವ ಮನೆಯ ಮಗಳು ಸ್ಕೂಟರಿನ ಮುಂದೆ ಕಾಯಿ ತುಂಬಿಕೊಂಡು ಬರುವುದನ್ನು ಕಂಡು ಮರುಳಸಿದ್ದಯ್ಯನವರು, "ಸಂಶೋಧ್ನೆ ಕೆಟ್ರೂ ಕೊಬ್ರಿ ವ್ಯಾಪಾರ ಕೈ ಹತ್ತೈತೆ ಬುಡು," ಎಂದು ಗೇಲಿ ಮಾಡುತ್ತಿದ್ದರು.

ಏಳು ಭಾನುವಾರಗಳಲ್ಲಿ ಐವತ್ತು ಮಂಡಿ ಅಳೆದಾಯಿತು. ಕೆಲವು ಅರವತ್ತೈದು, ಕೆಲವು ತೊಂಬತ್ತು, ಕೆಲವು ನೂರಿಪ್ಪತ್ತೈದು. ತೂಕದ ಜೊತೆ ಹೊಂದಿಸಿ ನೋಡಿದಳು, ಹೊಂದಲಿಲ್ಲ. ಸಕ್ಕರೆ ಕಾಯಿಲೆಯೂ ಅಷ್ಟೇ. ವಯಸ್ಸೂ ಅಲ್ಲ. ಕುಯ್ದವರು ಯಾರು ಎಂಬುದನ್ನು ಹೊಂದಿಸಿ ನೋಡಲು ಹೋಗಿ, ಹಾಳೆಯನ್ನು ಮಡಚಿಟ್ಟಳು. ಅವಳ ಕೈ ತಾಗಿದ ಮಂಡಿ ಇನ್ನೂ ಮೂರೇ ಇದ್ದವು. ಮೂರರಿಂದ ಏನೂ ಹೇಳಲಾಗದು ಎಂದು ತನಗೆ ತಾನೇ ಹೇಳಿಕೊಂಡಳು. ಶೆಟ್ಟಿಕೆರೆಯ ದಾರಿಯನ್ನೂ ಅವಳು ಬೇಕೆಂದೇ ಕೊನೆಗೆ ಉಳಿಸಿಕೊಂಡಿದ್ದಳು.

ಎಂಟನೆಯ ಭಾನುವಾರ ಕೆಂಕೆರೆ. ಹೊಂಬಾಳಮ್ಮ ಮನೆಯಲ್ಲಿರಲಿಲ್ಲ, ಕೊಟ್ಟಿಗೆಯಲ್ಲಿದ್ದರು. ಕುಳ್ಳು ಮಣೆಯ ಮೇಲೆ ಕೂತು, ಎರಡು ಮಂಡಿಗಳ ನಡುವೆ ಪಾತ್ರೆ ಸಿಕ್ಕಿಸಿಕೊಂಡು ಎಮ್ಮೆಯ ಹಾಲು ಕರೆಯುತ್ತಿದ್ದರು. ದಾನೇಶ್ವರಿ ಬಾಗಿಲಲ್ಲೇ ನಿಂತು ಆ ಮಂಡಿಯನ್ನು ನೋಡಿದಳು.

"ಯಾವಾಗಿನಿಂದ ಕರೀತಿದ್ದೀರಮ್ಮ?"

"ಆಪ್ರೇಸನ್ ಆಗಿ ಬಂದ ಹನ್ನೊಂದ್ನೇ ದಿನದಿಂದ ಕಣವ್ವ. ಬೈಬೇಡ."

"ಬೈಯಲ್ಲ. ಯಾಕೆ ಅಷ್ಟು ಬೇಗ?"

"ಈ ಮುಂಡೇದು ಇನ್ನೊಬ್ರು ಕೈಗೆ ತೊಟ್ಟು ಹಾಲು ಇಳಿಸಾಕಿಲ್ಲ. ನನ್ ಮಗ ಹೋದ, ಒದ್ದು ಪಾತ್ರೆ ಮುರೀತು. ಪಕ್ಕದ ಮನೆಯೋಳು ಬಂದ್ಲು, ಅವ್ಳ ಮೇಲೆ ಬಾಲ ಬೀಸ್ತು. ಹತ್ ದಿನ ಕೆಚ್ಚಲು ಬಾತ್ಕೊಂಡು ಅರಚೋದು ಕೇಳ್ನಾರದೆ ನಾನೇ ಗೋಡೆ ಹಿಡ್ಕೊಂಡ್ ಬಂದೆ. ಮೊದ್ಲು ಎತ್ತರದ ಸ್ಟೂಲು, ಆಮ್ಯಾಕೆ ಅದ್ಕಿಂತ ಕುಳ್ಳುದು, ಆಮ್ಯಾಕೆ ಈ ಮಣೆ. ಕಣ್ಣಾಗೆ ನೀರು ಬರೋದು. ನನ್ ಬಾಣಂತನ ಮಾಡಿದ್ದು ಈ ಎಮ್ಮೆನೇ ಕಣವ್ವ!" ಎಂದು ಹೊಂಬಾಳಮ್ಮ ಗಹಗಹಿಸಿ ನಕ್ಕರು.

ಬಾಣಂತನ ಎಂಬ ಮಾತನ್ನು ದಾನೇಶ್ವರಿ ಆಗ ನಗೆಮಾತಾಗಿಯೇ ಕೇಳಿದಳು. ಅದೇ ದಿನ ಮಧ್ಯಾಹ್ನ ಧೈರ್ಯ ಮಾಡಿ ಶೆಟ್ಟಿಕೆರೆಗೆ ಗಾಡಿ ತಿರುಗಿಸಿದಳು.

ಚಿಕ್ಕಗೌರಮ್ಮನ ಮನೆ ತುಂಬಿದ ಮನೆ. ಅನಿತಾ, ನಯನ ಎಂಬ ಇಬ್ಬರು ಸೊಸೆಯರು. ಡಾಕ್ಟರು ಮನೆಗೆ ಬಂದರೆಂದು ಇಬ್ಬರಿಗೂ ಸಂಭ್ರಮ. ಚಿಕ್ಕಗೌರಮ್ಮ ಮಂಚದ ಮೇಲೆ ಬಲಗಾಲು ಚಾಚಿ ಕೂತು, "ಚೆಂದಾಗೈತೆ ಕಣವ್ವ, ಚೆಂದಾಗೈತೆ," ಎಂದರು. ಪಟ್ಟಿ ಇಟ್ಟು ಅಳೆದರೆ ಅದೇ ಎಪ್ಪತ್ತು. ದಾನೇಶ್ವರಿಗೆ ಕೇಳಲು ಏನೂ ಉಳಿದಿರಲಿಲ್ಲ. ಎದ್ದು ಹೊರಡುವ ಮುನ್ನ ಸೌಜನ್ಯಕ್ಕೆಂದು, "ಆಪರೇಷನ್ ಆದ ಮೇಲೆ ಅಜ್ಜೀನ ಯಾರು ನೋಡ್ಕೊಂಡ್ರಿ?" ಎಂದಳು.

ಅನಿತಾಳ ಮುಖ ಅರಳಿತು. "ನಾವಿಬ್ರೇ ಕಣ್ರೀ. ಮೂರು ತಿಂಗ್ಳು ನಮ್ಮತ್ತೆ ನೆಲಕ್ಕೆ ಕಾಲಿಕ್ಕಿಲ್ಲ ಅಂದ್ರೆ ನಂಬ್ತೀರಾ?"

"ನೆಲಕ್ಕೆ ಕಾಲಿಟ್ಟಿಲ್ವಾ?"

"ಬಚ್ಚಲಿಗೂ ಕುರ್ಚಿ ಸಮೇತ ಎತ್ಕೊಂಡೋಗ್ತಿದ್ವಿ. ನಾನೊಂದ್ ಕಡೆ, ಇವ್ಳೊಂದ್ ಕಡೆ. ತಲೆಗೆ ಬಟ್ಟೆ ಕಟ್ಟಿ, ಕಿವಿಗೆ ಹತ್ತಿ ಇಟ್ಟು, ದಿನಾ ಮೆಣಸಿನ ಸಾರು, ಬೆಳ್ಳುಳ್ಳಿ. ಮಂಡಿ ಕೆಳಗೆ ಎರಡು ದಿಂಬು, ಒಂಚೂರು ಅಲುಗಾಡದಂಗೆ. ಕಿಟಕೀನೂ ತೆಗೀಲಿಲ್ಲ."

"ಒಂದ್ ಲೋಟ ನೀರು ಎತ್ಕೊಂಡು ಕುಡಿಯಕ್ಕೂ ಬುಟ್ಟಿಲ್ಲ ನಾವು," ಎಂದು ನಯನ ಸೇರಿಸಿದಳು. "ಪಕ್ಕದ್ಮನೆ ಅಂಕಮ್ಮತ್ತೆ ಬಂದು ನೋಡಿ, ಹೆತ್ತ ಮಗ್ಳೂ ಹಿಂಗೆ ಮಾಡಾಕಿಲ್ಲ ಕಣ್ರೇ ಅಂದ್ರು."

"ಆಸ್ಪತ್ರೇಲಿ ವ್ಯಾಯಾಮದ ಹಾಳೆ ಕೊಟ್ಟಿದ್ರಲ್ಲ?"

"ಐತಲ್ಲ!" ಎಂದು ಅನಿತಾ ಒಳಗೆ ಹೋಗಿ ದೇವರ ಪಟದ ಹಿಂದಿನಿಂದ ಹಾಳೆ ತಂದಳು. ಮಡಿಕೆ ಸಹ ಬಿದ್ದಿರಲಿಲ್ಲ. "ಒಂದಿನ ಮಾಡ್ಸೋಕೆ ಹೋದ್ವಿ. ನೋವು ಅಂತ ಕಿರುಚ್ಕೊಂಡ್ರು. ಹಿರೀ ಜೀವ, ಯಾಕ್ ಗೋಳು ಹುಯ್ಕೋಬೇಕು ಅಂತ ಬುಟ್ವಿ. ನೀವೇ ಹೇಳಿದ್ರಲ್ರೀ ಡಾಕ್ಟ್ರೇ, ಆಸ್ಪತ್ರೆ ಬಾಗಿಲಲ್ಲಿ ನಿಂತ್ಕೊಂಡು? ಚೆನ್ನಾಗಿ ನೋಡ್ಕೊಳ್ಳಿ ಅಂತ."

ಹೇಳಿದ್ದು ನಿಜ. ಪ್ರತಿಯೊಬ್ಬ ರೋಗಿಯ ಮನೆಯವರಿಗೂ ಅವಳು ಆ ಮಾತನ್ನೇ ಹೇಳಿ ಕಳಿಸುತ್ತಿದ್ದಳು. ತನ್ನ ಸೀಮೆಯ ಮನೆಗಳಲ್ಲಿ ಒಬ್ಬ ಹೆಂಗಸನ್ನು ಚೆನ್ನಾಗಿ ನೋಡಿಕೊಳ್ಳುವುದಕ್ಕೆ ಒಂದೇ ಒಂದು ಮಾದರಿ ಇದೆ, ಅದು ಬಾಣಂತನ ಎಂಬುದು ಅವಳಿಗೆ ಹೊಳೆದಿರಲಿಲ್ಲ. ಅಲ್ಲೇ ಹುಟ್ಟಿ ಬೆಳೆದಿದ್ದರೂ ಹೊಳೆದಿರಲಿಲ್ಲ. ಮಲಗಿಸಬೇಕು, ಬೆಚ್ಚಗಿಡಬೇಕು, ಕೈಗೆ ಕೊಡಬೇಕು, ಕಡ್ಡಿ ಎತ್ತಿಡಲೂ ಬಿಡಬಾರದು. ಹೊಸ ಮಂಡಿಗೆ ಇದಕ್ಕಿಂತ ಕೆಟ್ಟದ್ದಿಲ್ಲ. ಮೊದಲ ಆರು ವಾರ ದಿನವೂ ಮಡಚಿ ಚಾಚಿ ಮಾಡದ ಮಂಡಿ ಒಳಗೊಳಗೇ ಅಂಟಿಕೊಳ್ಳುತ್ತದೆ.

ಅಂದು ಹಾಲ್ಕುರಿಕೆಗೆ ಬಂದವಳು ಹಳೆಯ ಲೆಕ್ಕದ ಹಾಳೆಗಳನ್ನೆಲ್ಲ ಬಿಡಿಸಿಕೊಂಡು ಕೂತಳು. ಹೇಗಿದೆ ಮಂಡಿ ಎಂದು ಕೇಳಿದರೆ ಜನ ಮರ್ಯಾದೆಗೆ ಸುಳ್ಳು ಹೇಳುತ್ತಾರೆ. ಎಷ್ಟು ಚೆನ್ನಾಗಿ ನೋಡಿಕೊಂಡಿರಿ ಎಂದು ಕೇಳಿದರೆ? ಮುಂದಿನ ವಾರಗಳಲ್ಲಿ ಅದನ್ನೇ ಕೇಳಿದಳು. ಎಷ್ಟು ದಿನ ಮಲಗಿಸಿದಿರಿ, ಅಡುಗೆಮನೆಗೆ ಮೊದಲು ನಡೆದು ಬಂದದ್ದು ಯಾವತ್ತು, ನೀರು ತಾನೇ ತೆಗೆದುಕೊಂಡದ್ದು ಯಾವತ್ತು. ಮನೆಯವರು ಹೆಮ್ಮೆಯಿಂದ ದಿನ ಎಣಿಸಿ ಹೇಳಿದರು. ಹೆಚ್ಚು ಕಡಿಮೆ ಹೇಳಿದರೆ ಪಕ್ಕದ ಮನೆಯವರು ತಿದ್ದಿದರು.

ಉತ್ತರ ಕಣ್ಣಿಗೆ ಹೊಡೆಯುವಂತಿತ್ತು. ನೋಡಿಕೊಳ್ಳುವ ಕೈ ಮನೆಯಲ್ಲಿ ಹೆಚ್ಚಿದ್ದಷ್ಟೂ ಮಂಡಿ ಬಿಗಿ. ಒಂಟಿ ಹೆಂಗಸರು, ದನ ಕಟ್ಟಿದವರು, ಅಂಗಡಿ ಇಟ್ಟವರು, ಸೊಸೆಯ ಜೊತೆ ಮಾತು ಬಿಟ್ಟವರು, ಇವರ ಮಂಡಿಗಳೆಲ್ಲ ನೂರರ ಮೇಲೆ.

ಪರಮೇಶ್ ಸರ್ ಆ ಹಾಳೆಯನ್ನು ಎರಡು ಸಲ ಓದಿದರು. "ಮನೇಲಿ ಸೊಸೆಯರು ಜಾಸ್ತಿ ಇದ್ರೆ ಮಂಡಿ ಮಡಚಲ್ಲ ಅಂತ ಬರೀತೀಯೇನಮ್ಮ?"

"ಒಳ್ಳೇ ಸೊಸೆಯರು ಸರ್. ಜಗಳಗಂಟಿ ಸೊಸೆ ಇದ್ರೆ ಚೆನ್ನಾಗಿ ಮಡಚುತ್ತೆ."

ಅವರು ನಗಲಿಲ್ಲ. "ಉಲ್ಟಾನೂ ಇರಬಹುದಲ್ಲ? ಆಪರೇಷನ್ ಸರಿ ಆಗದೆ ನೋವಿದ್ದವರೇ ಮಲಗಿರಬಹುದು. ಮಲಗಿದ್ರಿಂದ ಬಿಗಿಯಾಯ್ತು ಅಂತ ನೀನು ಹೇಗೆ ಹೇಳ್ತೀಯ?"

ಅವರು ಕೇಳಿದ್ದು ಅವಳದೇ ಪ್ರಶ್ನೆ. ಚಿಕ್ಕಗೌರಮ್ಮ ಮಲಗಿದ್ದರಿಂದ ಮಂಡಿ ಕೆಟ್ಟಿತೇ, ಅಥವಾ ತನ್ನ ಕೈ ಕೆಡಿಸಿದ್ದರಿಂದ ಮಲಗಿದರೇ?

"ಹೊಸಬರು ಇಪ್ಪತ್ತು ಜನಕ್ಕೆ ಬೇರೆ ಥರ ಹೇಳಿ ಕಳಿಸಿ ನೋಡೋಣ ಸರ್. ಕಾಲೇಜಿನ ಅನುಮತಿ ಏನು ಬೇಕೋ ಎಲ್ಲ ತರ್ತೀನಿ."

"ತಗೊಂಡು ಬಾ."

ಅನುಮತಿ ಬಂತು. ಆದರೆ ಹೇಳಿ ಕಳಿಸುವುದರಿಂದ ಆಗುವ ಕೆಲಸ ಅದಾಗಿರಲಿಲ್ಲ. ಮೊದಲನೆಯ ಮನೆಯಿಂದಲೇ ಸೊಸೆ ಅಳುತ್ತ ಫೋನು ಮಾಡಿದಳು. ನಾಲ್ಕನೇ ದಿನಕ್ಕೆ ಅತ್ತೆಯನ್ನು ನಡೆಸುತ್ತಿದ್ದುದನ್ನು ಕಂಡ ಬೀದಿಯವರು, ಮುದುಕಿಯನ್ನು ಕೆಲಸಕ್ಕೆ ಹಚ್ಚಿದ್ದಾಳೆ ಎಂದು ಆಡಿಕೊಳ್ಳುತ್ತಿದ್ದರಂತೆ. ಮಲಗಿಸುವುದು ಬರೀ ಪ್ರೀತಿಯಲ್ಲ, ಮನೆಯ ಮಾನ. ಮಾನಕ್ಕೆ ಮದ್ದು ಹುಡುಕಬೇಕಾಯಿತು. ದಾನೇಶ್ವರಿ ದೊಡ್ಡ ಅಕ್ಷರದಲ್ಲಿ ಒಂದು ಹಾಳೆ ಅಚ್ಚು ಹಾಕಿಸಿ, ಕೆಳಗೆ ಆಸ್ಪತ್ರೆಯ ಸೀಲು ಒತ್ತಿ, ಮನೆಯ ಮುಂಬಾಗಿಲ ಪಕ್ಕ ಅಂಟಿಸಲು ಹೇಳಿದಳು:

"ಈ ಮನೆಯ ಹಿರಿಯರಿಗೆ ಮಂಡಿ ಆಪರೇಷನ್ ಆಗಿದೆ. ಅವರನ್ನು ನಡೆಸುವುದು, ಮಂಡಿ ಮಡಚಿಸುವುದು, ಊಟಕ್ಕೆ ಅಡುಗೆಮನೆಗೆ ಬರಿಸುವುದು ವೈದ್ಯರ ಆಜ್ಞೆ. ಮನೆಯವರನ್ನು ದೂರಬಾರದು. ದೂರುವವರು ಈ ನಂಬರಿಗೆ ಫೋನು ಮಾಡುವುದು."

ನಂಬರು ಅವಳದೇ. ಮೊದಮೊದಲು ನಾಲ್ಕಾರು ಜನ ಮಾಡಿಯೂ ಮಾಡಿದರು. ಅವರೆಲ್ಲರಿಗೂ ಅವಳು ತಾಳ್ಮೆಯಿಂದ ಹೇಳಿದಳು. ಮುಂದೆ ತಿಪಟೂರಿನಲ್ಲಿ ನಾಲ್ಕು ವರ್ಷ ಕೆಲಸ ಮಾಡಿದಾಗಲೂ ಆ ಹಾಳೆ ಜೊತೆಗಿತ್ತು. ಅದಿಲ್ಲದೆ ಮನೆಗೆ ಹೋಗಲು ಹೆಂಗಸರು ಒಪ್ಪುತ್ತಿರಲಿಲ್ಲ.

ಎಂಟು ತಿಂಗಳಲ್ಲಿ ಹತ್ತೊಂಬತ್ತು ಜನ ಆದರು. ಅವರ ಮಂಡಿಗಳ ಸರಾಸರಿ ನೂರ ಹನ್ನೆರಡಕ್ಕೆ ಬಂತು, ಹಿಂದಿನವರಿಗಿಂತ ಇಪ್ಪತ್ತನಾಲ್ಕು ಡಿಗ್ರಿ ಹೆಚ್ಚು. "ಸಾಕಮ್ಮ, ಬರೆದು ಮುಗಿಸು," ಎಂದರು ಪರಮೇಶ್ ಸರ್. ದಾನೇಶ್ವರಿ ಮುಗಿಸಲಿಲ್ಲ. ಇಪ್ಪತ್ತನೆಯ ಸಾಲನ್ನು ಖಾಲಿ ಬಿಟ್ಟಿದ್ದಳು. ಚಿಕ್ಕಗೌರಮ್ಮನ ಎಡಮಂಡಿಯೂ ಸವೆದಿತ್ತು. ಎರಡನೆಯದಕ್ಕೆ ಬನ್ನಿ ಎಂದು ಆಸ್ಪತ್ರೆ ಮೂರು ಸಲ ಕರೆದಿತ್ತು. ಮೂರು ಸಲವೂ ಅವರು ಬಂದಿರಲಿಲ್ಲ.

ಒಂದು ಮಧ್ಯಾಹ್ನ ಅವಳು ಮತ್ತೆ ಶೆಟ್ಟಿಕೆರೆಗೆ ಹೋದಳು. ಚಿಕ್ಕಗೌರಮ್ಮ ಜಗಲಿಯ ಮೇಲೆ ಕಾಲು ಚಾಚಿ ಅವರೆಕಾಯಿ ಬಿಡಿಸುತ್ತಿದ್ದರು. ದಾನೇಶ್ವರಿ ಎದುರಿಗೆ ಕೂತು ತಾನೂ ಒಂದು ಹಿಡಿ ಬಿಡಿಸಲು ತೆಗೆದುಕೊಂಡಳು.

"ಮಂಡಿ ಹೇಗಿದೆ ಅಜ್ಜಿ?"

"ಚೆಂದಾಗೈತೆ ಕಣವ್ವ."

"ಚೆನ್ನಾಗಿದ್ರೆ ಇನ್ನೊಂದಕ್ಕೆ ಯಾಕೆ ಬರಲ್ಲ ಅಂತೀರಿ?"

ಚಿಕ್ಕಗೌರಮ್ಮ ಕಾಯಿ ಬಿಡಿಸುತ್ತಲೇ ಇದ್ದರು. ಒಳಗೆ ಸೊಸೆಯರ ಮಾತು ನಿಂತಿತು.

"ಅಜ್ಜಿ, ಆ ಕಾಲಿನ ಮೂಳೆ ಕುಯ್ದದ್ದು ನಾನು. ನನಗೆ ಅದು ಮೊದಲನೇದು. ಮನೆಯವರಿಗೆ ಹೇಳಬೇಕಾದ್ದನ್ನ ಸರಿಯಾಗಿ ಹೇಳದೇ ಇದ್ದವಳೂ ನಾನೇ. ನಿಮ್ಮ ಸೊಸೆಯರದು ಏನೂ ತಪ್ಪಿಲ್ಲ. ತಪ್ಪು ನನ್ನದು. ನನ್ನ ಕೈಯದೋ ಬಾಯಿಯದೋ ಅಂತ ಗೊತ್ತಿಲ್ಲ. ಎರಡರಲ್ಲಿ ಒಂದರದು."

ಡಾಕ್ಟರೊಬ್ಬರು ತಪ್ಪು ನನ್ನದು ಎಂದದ್ದನ್ನು ಚಿಕ್ಕಗೌರಮ್ಮ ಅರವತ್ತೆಂಟು ವರ್ಷದಲ್ಲಿ ಕೇಳಿರಲಿಲ್ಲ. ಮೊರ ಪಕ್ಕಕ್ಕೆ ಸರಿಸಿದರು.

"ಚೆಂದಾಗಿಲ್ಲ ಕಣವ್ವ," ಎಂದರು. "ಏನೂ ಚೆಂದಾಗಿಲ್ಲ. ಕಕ್ಕಸಿಗೆ ಕೂರಕ್ಕಾಗಾಕಿಲ್ಲ. ಬಸ್ಸು ಹತ್ತಕ್ಕಾಗಾಕಿಲ್ಲ, ಕಂಡಕ್ಟ್ರು ಹಿಂದಿಂದ ನೂಕ್ಬೇಕು. ಎಲ್ಡು ವರ್ಸ ಆಯ್ತು ನಾನೊಬ್ಳೇ ಎಲ್ಲಿಗಾದ್ರೂ ಹೋಗಿ. ನೀವೆಲ್ಲ ಅಷ್ಟು ಮಾಡಿದೀರ, ಇವ್ರು ಅಷ್ಟು ಮಾಡವ್ರೆ. ಯಾರ್ ಮುಂದೆ ಹೇಳಾನೆ?"

ಬಾಗಿಲಲ್ಲಿ ನಿಂತಿದ್ದ ಅನಿತಾ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು.

"ಎಡಗಾಲು ನನಗೆ ಕೊಡ್ತೀರಾ?" ಎಂದಳು ದಾನೇಶ್ವರಿ.

ಚಿಕ್ಕಗೌರಮ್ಮ ಮೊರವನ್ನು ಮತ್ತೆ ಹತ್ತಿರ ಎಳೆದುಕೊಂಡರು. "ಕೊಡ್ತೀನಿ. ಆದ್ರೆ ಈ ಸಲ ಕೆಟ್ರೆ ಕೆಟ್ಟೋಯ್ತು ಅಂತ ಆಸ್ಪತ್ರೆ ಮುಂದೆ ನಿಂತು ಕೂಗ್ತೀನಿ, ನೋಡ್ಕೋ."

ಆಪರೇಷನ್ ದಿನ ದಾನೇಶ್ವರಿ ಗುರುಗಳ ಹತ್ತಿರ ಹೋಗಿ, "ಮೂಳೆ ನೀವೇ ಕುಯ್ದುಬಿಡಿ ಸರ್," ಎಂದಳು. ಪರಮೇಶ್ ಸರ್ ಕೈ ತೊಳೆಯುವುದನ್ನು ನಿಲ್ಲಿಸಲಿಲ್ಲ.

"ಆಗ ನಿನಗೆ ಉತ್ತರ ಸಿಗುತ್ತಾ?"

ತನ್ನ ಕೈಯ ಮೇಲಿನ ಅನುಮಾನ ಅವರಿಗೆ ಮೊದಲಿನಿಂದಲೂ ಗೊತ್ತಿತ್ತು ಎಂದು ಅವಳಿಗೆ ಆಗ ತಿಳಿಯಿತು. ಅವಳೇ ಕುಯ್ದಳು, ಅವಳೇ ಕೂರಿಸಿದಳು, ಅವಳೇ ಹೊಲಿದಳು. ಅವರು ಪಕ್ಕದಲ್ಲಿ ನಿಂತಿದ್ದರು, ಕೈ ಹಾಕಲಿಲ್ಲ.

ಶೆಟ್ಟಿಕೆರೆಯ ಮನೆಯಲ್ಲಿ ಈ ಸಲ ನಡೆದದ್ದೂ ಬಾಣಂತನವೇ, ಆದರೆ ತಲೆಕೆಳಗಾದದ್ದು. ಸೊಸೆಯರ ಮುತುವರ್ಜಿ ಕಡಿಮೆ ಮಾಡುವುದು ಆಗದ ಕೆಲಸ ಎಂದು ದಾನೇಶ್ವರಿಗೆ ಗೊತ್ತಿತ್ತು. ಅದಕ್ಕೇ ಅವರಿಗೆ ಬೇರೆ ಕೆಲಸ ಹಂಚಿದಳು. ಬೆಳಗಿನ ಐವತ್ತು ಸಲ ಮಡಚಿಸುವುದು ಅನಿತಾಳದು, ಸಂಜೆಯ ಐವತ್ತು ನಯನಳದು. ಯಾರ ಪಾಳಿಯಲ್ಲಿ ಎಷ್ಟು ಡಿಗ್ರಿ ಬಂತು ಎಂದು ಫೋನಿನಲ್ಲಿ ಹೇಳಬೇಕು. ಮೂರನೇ ದಿನಕ್ಕೆ ಇಬ್ಬರಿಗೂ ಪೈಪೋಟಿ ಹತ್ತಿತು. ಮೆಣಸಿನ ಸಾರು ಇತ್ತು, ಬೆಳ್ಳುಳ್ಳಿ ಇತ್ತು, ಆದರೆ ತಟ್ಟೆ ಅಡುಗೆಮನೆಯಲ್ಲೇ ಇರುತ್ತಿತ್ತು. ಹಸಿವಾದರೆ ನಡೆದು ಬರಬೇಕು. ಮೊದಲ ವಾರ ಚಿಕ್ಕಗೌರಮ್ಮ ಸೊಸೆಯರಿಬ್ಬರನ್ನೂ, ಅವರನ್ನು ಹೆತ್ತವರನ್ನೂ, ದಾನೇಶ್ವರಿಯನ್ನೂ ಸೇರಿಸಿ ಬೈದರು.

ಅಂಕಮ್ಮ ಬಂದು ಬಾಗಿಲಲ್ಲಿ ನಿಂತು ಮೂಗಿನ ಮೇಲೆ ಬೆರಳಿಟ್ಟರು. "ಇದೇನ್ರೇ ಇದು? ಹೋದ್ಸಲ ರಾಣಿ ಹಂಗ್ ನೋಡ್ಕೊಂಡ್ರಿ, ಈ ಸಲ ಎತ್ತು ಹೊಡ್ದಂಗೆ ಹೊಡೀತಿದ್ದೀರಿ?"

"ಗ್ವಾಡೆ ಮೇಲಿರೋದು ಓದು ಅಂಕಮ್ಮತ್ತೆ," ಎಂದಳು ಅನಿತಾ. "ಸೀಲೈತೆ ನೋಡು."

ಆರು ವಾರ ಕಳೆದ ಮೇಲೆ ಒಂದು ಮಂಗಳವಾರ. ಹೊರರೋಗಿಗಳ ಕೋಣೆಯ ಮುಂದೆ ಸಾಲು ನಿಂತಿತ್ತು. ಚಿಕ್ಕಗೌರಮ್ಮ ಒಳಗೆ ಬಂದಾಗ ದಾನೇಶ್ವರಿ ಬಾಗಿಲ ಕಡೆ ನೋಡಿದಳು, ಸೊಸೆಯರು ಕಾಣಲಿಲ್ಲ.

"ಯಾರ ಜೊತೆ ಬಂದ್ರಿ ಅಜ್ಜಿ?"

"ಯಾರ್ ಜೊತೆ ಬರಾನೆ? ಬಸ್ಸಿಗೆ ಬಂದೆ. ಹೊಸ ಕಾಲು ಮೊದ್ಲು ಮಡ್ಚಿ ಮೇಲಿಟ್ಟು ಹತ್ತಿದೆ. ಕಂಡಕ್ಟ್ರು ಹಿಂದೆ ನೂಕಕ್ಕೆ ಬಂದ. ದೂರ ನಿಂತ್ಕಳ್ಲಾ ಅಂದೆ."

ಅವರು ಹಾಸಿಗೆಯ ಮೇಲೆ ಮಲಗಿ ಎಡಮಂಡಿ ಮಡಚಿದರು. ದಾನೇಶ್ವರಿ ಪಟ್ಟಿ ಇಟ್ಟಳು. ಓದಿದ ಅಂಕಿಯನ್ನು ನಂಬದೆ ತೆಗೆದು ಮತ್ತೆ ಇಟ್ಟಳು. ಆಮೇಲೆ ಹೋಗಿ ಪರಮೇಶ್ ಸರ್ ಅವರನ್ನು ಕರೆದುಕೊಂಡು ಬಂದಳು. ಅವರೂ ಇಟ್ಟು ನೋಡಿದರು.

"ನೂರ ಹದಿನಾರು," ಎಂದರು. ಮತ್ತೆ ಬಲಮಂಡಿಗೆ ಇಟ್ಟರು. "ಎಪ್ಪತ್ತು. ಒಂದೇ ಹೆಂಗಸು, ಒಂದೇ ಮನೆ, ಒಂದೇ ಕೈ. ಈ ಸಾಲಿಗೆ ಯಾವ ಪರೀಕ್ಷಕರೂ ಪ್ರಶ್ನೆ ಕೇಳಲಾರರು ಕಣಮ್ಮ."

"ಬಲಗಾಲು, ಸರ್..."

"ಬಲಗಾಲಿಗೂ ಏನು ಮಾಡಬಹುದು ಅಂತ ನೋಡೋಣ. ಒಳಗೆ ಅಂಟಿಕೊಂಡಿರೋದನ್ನ ಬಿಡಿಸಿದ್ರೆ ಒಂದಿಷ್ಟು ಬಂದೀತು. ಈಗ ಮನೆಯವರಿಗೂ ಕೆಲಸ ಗೊತ್ತಾಗಿದೆ."

"ಅದುನ್ನೂ ಇವ್ಳೇ ಮಾಡ್ಲಿ," ಎಂದರು ಚಿಕ್ಕಗೌರಮ್ಮ, ಸೀರೆ ಸರಿಮಾಡಿಕೊಂಡು ಎದ್ದು ಕೂರುತ್ತ.

ದಾನೇಶ್ವರಿ ಕಿಟಕಿಯ ಕಡೆ ತಿರುಗಿ ಇಪ್ಪತ್ತನೆಯ ಸಾಲು ತುಂಬಿದಳು.

ಅಂದು ಮಧ್ಯಾಹ್ನ ಆಪರೇಷನ್ ಪಟ್ಟಿಯಲ್ಲಿ ಇನ್ನೊಂದು ಮಂಡಿ ಇತ್ತು, ತುರುವೇಕೆರೆ ಕಡೆಯ ತಿಮ್ಮಯ್ಯ ಎಂಬುವರದು. ದಾನೇಶ್ವರಿ ಗೌನು ತೊಟ್ಟು, ಎಂದಿನಂತೆ ಸಹಾಯಕರು ನಿಲ್ಲುವ ಎಡಬದಿಗೆ ಹೋಗಿ ನಿಂತಳು. ಪರಮೇಶ್ ಸರ್ ಒಳಗೆ ಬಂದರು, ಕೈಗವಸು ಹಾಕಿಸಿಕೊಂಡರು, ನೇರ ಅವಳ ಹತ್ತಿರ ಬಂದು ನಿಂತರು.

"ಇದು ನನ್ನ ಜಾಗ," ಎಂದರು. "ನೀನು ಆ ಕಡೆ ಹೋಗು."

ಅವಳು ಟೇಬಲ್ಲನ್ನು ಸುತ್ತಿಕೊಂಡು ಕುಯ್ಯುವವರು ನಿಲ್ಲುವ ಬಲಬದಿಗೆ ಹೋದಳು, ಕೈ ಚಾಚಿದಳು. ನರ್ಸು ಚಾಕು ಕೊಟ್ಟರು.